ಓ-ರಿಂಗ್ ಮೇಲೆ ಒಂದು ಕೂದಲು: ಡೈವ್ ಬೋಟಿನ ಕ್ಯಾಮೆರಾ ಮೇಜಿನಿಂದ

ಇಂಡೊನೇಷ್ಯಾದ ಸೊರೊಂಗ್ ಬಂದರು ಬಿಟ್ಟು ರಾಜಾ ಅಂಪಟ್ ದ್ವೀಪಗಳ ಕಡೆ ಹೊರಟ ಬೋಟು ವಾರ, ಹತ್ತು ದಿನ ಸಮುದ್ರದಲ್ಲೇ ಇರುತ್ತದೆ. ಫಿಲಿಪ್ಪೀನ್ಸ್‌ನ ತುಬ್ಬತಹಾ ಹವಳದಿಬ್ಬಕ್ಕೆ ಪ್ಯುಯೆರ್ಟೊ ಪ್ರಿನ್ಸೆಸಾದಿಂದ ರಾತ್ರಿಯಿಡೀ ಸಾಗಬೇಕು. ಅದೂ ಮಾರ್ಚ್‌ನಿಂದ ಜೂನ್‌ವರೆಗಿನ ಸಣ್ಣ ಅವಧಿಯಲ್ಲಿ ಮಾತ್ರ. ಅಂಥ ಕಡೆ ಕ್ಯಾಮೆರಾದ ಕವಚಕ್ಕೆ ನೀರು ಬರದಂತೆ ತಡೆಯುವ ಒಂದು ರಬ್ಬರ್ ಉಂಗುರ, ಅಂದರೆ ಓ-ರಿಂಗ್, ಕೈಕೊಟ್ಟರೆ ಹೊಸದು ತರಲು ಅಂಗಡಿಯಿಲ್ಲ. ಲಕ್ಷಾಂತರ ಬೆಲೆಯ ಕ್ಯಾಮೆರಾ, ವರ್ಷಗಟ್ಟಲೆ ಕಾದು ಬಂದ ಪ್ರವಾಸ ಎರಡೂ ಆ ಉಂಗುರದ ಮೇಲೆ ನಿಂತಿರುತ್ತವೆ. ಇಂಥ ಬೋಟುಗಳ ಕ್ಯಾಮೆರಾ ಮೇಜು ನೋಡಿಕೊಳ್ಳುವವರಿಗೆ ಕೆಲಸ ಮೊದಲು ಕಲಿಸುವ ಪಾಠ ಇದು: ಹೌಸಿಂಗ್‌ಗೆ, ಅಂದರೆ ಆ ಕವಚಕ್ಕೆ, ನೀರು ನುಗ್ಗುವುದು ಮೂವತ್ತು ಮೀಟರ್ ಆಳದಲ್ಲಿ ಅಪರೂಪ. ಹೆಚ್ಚಿನವು ಸೋರುವುದು ಮೊದಲ ಒಂದೆರಡು ಮೀಟರಿನಲ್ಲಿ, ಇಲ್ಲವೇ ಡೆಕ್ ಮೇಲಿನ ಸಿಹಿನೀರಿನ ತೊಟ್ಟಿಯಲ್ಲಿ.

ಕಾರಣ ಸರಳ. ಹತ್ತು ಮೀಟರ್ ಇಳಿದರೆ ಒತ್ತಡ 2 ಬಾರ್, ಮೂವತ್ತಕ್ಕೆ 4 ಬಾರ್. ಆ ಒತ್ತಡವೇ ಹೌಸಿಂಗ್‌ನ ಎರಡು ಭಾಗಗಳನ್ನು ಬಿಗಿಯಾಗಿ ಒತ್ತಿ, ಓ-ರಿಂಗನ್ನು ಅದು ಕೂರುವ ತೋಡಿನಲ್ಲಿ ಸಂದಿಲ್ಲದಂತೆ ಕೂರಿಸುತ್ತದೆ. ನೀರಿನ ಮೇಲ್ಭಾಗದಲ್ಲಿ ಆ ನೆರವು ಇಲ್ಲ; ಲ್ಯಾಚ್ (ಮುಚ್ಚುವ ಕೊಂಡಿ) ಎಷ್ಟು ಒತ್ತುತ್ತದೋ ಅಷ್ಟೇ. ಆಗ ಓ-ರಿಂಗ್ ಮೇಲೆ ಅಡ್ಡಲಾಗಿ ಬಿದ್ದ ಒಂದೇ ಕೂದಲು, ಟವೆಲ್ಲಿನ ಒಂದು ನೂಲೆಳೆ, ಒಂದು ಮರಳಿನ ಕಣ ಸಾಕು. ಅದರ ಎರಡೂ ಪಕ್ಕದಲ್ಲಿ ರಬ್ಬರ್ ಮೇಲೆದ್ದು ಸೂಜಿಮೊನೆಯಷ್ಟು ದಾರಿ ಬಿಡುತ್ತದೆ. ನೀರಿಗೆ ಅಷ್ಟು ಸಾಕು.

ಹಾಗಾಗಿ ಓ-ರಿಂಗ್ ಶುಚಿ ಮಾಡುವುದಕ್ಕೆ ಹಿಂದಿನ ಸಂಜೆಯೇ ಸರಿಯಾದ ಹೊತ್ತು. ಡೈವ್ ಬ್ರೀಫಿಂಗ್‌ಗೆ ಗಂಟೆ ಹೊಡೆದ ಮೇಲೆ, ಒದ್ದೆ ವೆಟ್‌ಸೂಟಿನಲ್ಲಿ, ತಲೆಯಿಂದ ನೀರು ತೊಟ್ಟಿಕ್ಕುತ್ತಿರುವಾಗ ಹೌಸಿಂಗ್ ತೆರೆಯುವುದು ಅನಾಹುತಕ್ಕೆ ನೇರ ದಾರಿ. ಕೈ ತೊಳೆದು ಒರೆಸಿಕೊಳ್ಳಿ, ಕೂದಲು ಕಟ್ಟಿಕೊಳ್ಳಿ, ಫ್ಯಾನ್ ಆರಿಸಿ. ಓ-ರಿಂಗನ್ನು ಎರಡು ಬೆರಳಿನಿಂದ ಒಂದು ಕಡೆ ಒತ್ತಿದರೆ ಸಣ್ಣ ಕುಣಿಕೆಯಂತೆ ಉಬ್ಬಿ ಬರುತ್ತದೆ. ಅಲ್ಲಿ ಹಿಡಿದು ಎತ್ತಬೇಕು. ಬರದಿದ್ದರೆ ಪ್ಲಾಸ್ಟಿಕ್ ಕಾರ್ಡಿನ ಮೂಲೆ. ಪಿನ್ನು, ಚಾಕು, ಸ್ಕ್ರೂಡ್ರೈವರ್ ಯಾವುದೂ ಬೇಡ. ಓ-ರಿಂಗ್ ಹೋದರೆ ಬದಲಿ ಹಾಕಬಹುದು, ತೋಡಿನ ಲೋಹದಲ್ಲಿ ಗೀರು ಬಿದ್ದರೆ ಆ ಹೌಸಿಂಗ್ ಕಾರ್ಖಾನೆಗೆ ಹೋಗಬೇಕು.

ತೆಗೆದ ರಿಂಗನ್ನು ಹೆಬ್ಬೆರಳು, ತೋರುಬೆರಳ ನಡುವೆ ಮೆಲ್ಲಗೆ ಎಳೆಯುತ್ತಾ ಒಂದು ಸುತ್ತು ತಿರುಗಿಸಿ. ಕಣ್ಣಿಗೆ ಕಾಣದ ಕಣ ಬೆರಳಿಗೆ ಸಿಗುತ್ತದೆ. ಆಮೇಲೆ ತಲೆಗೆ ಕಟ್ಟುವ ಟಾರ್ಚಿನ ಬೆಳಕನ್ನು ಓರೆಯಾಗಿ ಬಿಟ್ಟು ನೋಡಿ. ನೇರ ಬೆಳಕಿನಲ್ಲಿ ಕರಿ ರಬ್ಬರ್ ಮೇಲೆ ಕರಿ ಕೂದಲು ಕಾಣುವುದೇ ಇಲ್ಲ; ಓರೆ ಬೆಳಕಿನಲ್ಲಿ ಅದರ ನೆರಳು ಬೀಳುತ್ತದೆ. ತೋಡನ್ನು ನೂಲು ಬಿಡದ ಬಟ್ಟೆಯಿಂದ ಒರೆಸಬೇಕು. ಕಿವಿಗೆ ಹಾಕುವ ಹತ್ತಿಕಡ್ಡಿ ಕೈಗೆ ಬೇಗ ಸಿಗುತ್ತದೆ, ಆದರೆ ಅದೇ ಎಳೆ ಬಿಟ್ಟು ಹೋಗುತ್ತದೆ. ತೋಡಿನ ಎದುರಿನ ಮುಖ, ಅಂದರೆ ರಿಂಗ್ ಹೋಗಿ ತಾಗುವ ನುಣುಪಾದ ಅಂಚನ್ನು ಒರೆಸುವುದನ್ನು ತುಂಬ ಜನ ಮರೆಯುತ್ತಾರೆ. ಒಣಗಿದ ಉಪ್ಪಿನ ಹರಳು ಕೂರುವುದು ಅಲ್ಲೇ.

ಗ್ರೀಸ್ ವಿಷಯದಲ್ಲಿ ಇರುವಷ್ಟು ತಪ್ಪು ತಿಳಿವಳಿಕೆ ಬೇರೆಲ್ಲೂ ಇಲ್ಲ. ನೀರು ತಡೆಯುವುದು ರಬ್ಬರ್, ಗ್ರೀಸ್ ಅಲ್ಲ. ಮುಚ್ಚುವಾಗ ರಿಂಗ್ ಹಿಡಿದುಕೊಂಡು ತಿರುಚದೆ ಜಾರಿ ಕೂರಲಿ ಎಂಬುದಷ್ಟೇ ಅದರ ಕೆಲಸ. ಮುಖ್ಯ ಓ-ರಿಂಗ್‌ಗೆ ಒಂದು ಅಕ್ಕಿ ಕಾಳಿನಷ್ಟು ಗ್ರೀಸ್ ಸಾಕು. ಸವರಿದ ಮೇಲೆ ರಿಂಗ್ ಮಿನುಗಬೇಕು, ಮುದ್ದೆ ಕಾಣಬಾರದು. ಹೆಚ್ಚು ಬಳಿದರೆ ಅದೇ ಧೂಳು, ಕೂದಲು ಹಿಡಿಯುವ ಅಂಟಾಗುತ್ತದೆ. ಹೌಸಿಂಗ್ ಜೊತೆ ಅದರ ತಯಾರಕರು ಕೊಟ್ಟ ಗ್ರೀಸನ್ನೇ ಬಳಸಿ. ಸಿಲಿಕೋನ್ ರಬ್ಬರಿನ ರಿಂಗ್‌ಗೆ ಹೊಂದದ ಸಿಲಿಕೋನ್ ಗ್ರೀಸ್ ಹಚ್ಚಿದರೆ ರಿಂಗ್ ಊದಿಕೊಳ್ಳುತ್ತದೆ, ತೋಡಿನಲ್ಲಿ ಕೂರದೆ ಹೊರಗೆ ಇಣುಕುತ್ತದೆ. ಪಕ್ಕದ ಮೇಜಿನವರಿಂದ ಸಾಲ ತಂದ ಗ್ರೀಸ್ ಹೀಗೆ ಪ್ರವಾಸ ಕೆಡಿಸುತ್ತದೆ.

ಮುಚ್ಚಿದ ಮೇಲೆ ವ್ಯಾಕ್ಯೂಮ್ ಪರೀಕ್ಷೆ. ಕೈಪಂಪಿನಿಂದ ಒಳಗಿನ ಗಾಳಿ ಎಳೆದು ಸುಮಾರು 200 ಮಿಲಿಬಾರ್ ಇಳಿಸಿದರೆ, ಹೊರಗಿನ ಗಾಳಿಯೇ ಹೌಸಿಂಗನ್ನು ಎರಡು ಮೀಟರ್ ನೀರಿನಷ್ಟು ಬಲದಿಂದ ಒತ್ತುತ್ತದೆ. ಅಂದರೆ ಮೇಲ್ಮಟ್ಟದಲ್ಲಿ ಇಲ್ಲದ ಆ ನೆರವು ಮೇಜಿನ ಮೇಲೇ ಸಿಕ್ಕಿಬಿಡುತ್ತದೆ. ಒಳಗಿನ ಒತ್ತಡ ಸರಿಯಿದೆ ಎಂದು ಹೇಳುವ ಹಸಿರು ದೀಪ ಬಂದ ಕೂಡಲೇ ಎದ್ದು ಹೋಗಬೇಡಿ. ಕೂದಲೆಳೆಯ ಸೋರಿಕೆ ನಿಧಾನ; ಕನಿಷ್ಠ ಅರ್ಧ ಗಂಟೆ ಬಿಡಬೇಕು, ರಾತ್ರಿಯಿಡೀ ಬಿಟ್ಟರೆ ಇನ್ನೂ ಒಳ್ಳೆಯದು. ಒಂದು ಎಚ್ಚರ: 22 ಡಿಗ್ರಿಯ ಎಸಿ ಕೋಣೆಯಲ್ಲಿ ಗಾಳಿ ಎಳೆದು 32 ಡಿಗ್ರಿಯ ಡೆಕ್‌ಗೆ ತಂದರೆ, ಸೋರಿಕೆ ಇಲ್ಲದಿದ್ದರೂ ಒಳಗಿನ ಒತ್ತಡ ಸುಮಾರು 27 ಮಿಲಿಬಾರ್ ಏರುತ್ತದೆ. ದೀಪ ಹಳದಿಗೆ ತಿರುಗಿ ಗಾಬರಿ ಹುಟ್ಟಿಸುವುದು ಇದಕ್ಕೇ. ಇಂಥ ಹೊತ್ತಿನಲ್ಲಿ ತೆರೆಯುವ ಬದಲು ಹೌಸಿಂಗ್ ಹೊರಗಿನ ಬಿಸಿಗೆ ಹೊಂದಲಿ, ಮತ್ತೆ ಸ್ವಲ್ಪ ಎಳೆದು ಇನ್ನರ್ಧ ಗಂಟೆ ನೋಡಿ. ಮತ್ತೆ ಏರಿದರೆ ಅದು ನಿಜವಾದ ಸೋರಿಕೆ. ಪಂಪು ತೆಗೆದ ಮೇಲೆ ವಾಲ್ವಿನ ಮುಚ್ಚಳ ತಿರುಗಿಸುವುದನ್ನು ಮರೆತು ನೀರಿಗೆ ಇಳಿದವರೂ ಇದ್ದಾರೆ. ಅದಕ್ಕೇ ಮುಚ್ಚಳವನ್ನು ಪಂಪಿಗೇ ದಾರದಲ್ಲಿ ಕಟ್ಟಿಡುವುದು ಒಳ್ಳೆಯ ರೂಢಿ.

ಎಸಿ ಕೋಣೆಯಲ್ಲಿ ಮುಚ್ಚುವುದಕ್ಕೆ ಇನ್ನೊಂದು ಲಾಭವಿದೆ. ಅಲ್ಲಿನ ಗಾಳಿ ಒಣದು. ಡೆಕ್‌ನ ಜಿಗುಟು ಗಾಳಿಯನ್ನು ಒಳಗೆ ತುಂಬಿ ಮುಚ್ಚಿದರೆ, ನೀರು ತಂಪಾದ ಕೂಡಲೇ ಡೋಮ್‌ನ (ಲೆನ್ಸಿನ ಮುಂದಿನ ಗುಮ್ಮಟದಾಕಾರದ ಗಾಜಿನ) ಒಳಮುಖಕ್ಕೆ ಮಂಜು ಹಿಡಿಯುತ್ತದೆ, ಇಡೀ ಡೈವ್ ಹಾಳು. ಒಂದೆರಡು ಸಿಲಿಕಾ ಜೆಲ್ ಚೀಲ ಒಳಗಿಡಿ, ಆದರೆ ಅವು ಓ-ರಿಂಗ್ ತೋಡಿನ ಹತ್ತಿರ ಸರಿಯದಂತೆ ಟೇಪ್ ಹಾಕಿ.

ವ್ಯಾಕ್ಯೂಮ್ ದೀಪ ಏನು ಹೇಳುವುದಿಲ್ಲ ಎಂಬುದೂ ತಿಳಿದಿರಬೇಕು. ಸ್ಟ್ರೋಬ್‌ಗಳ, ಅಂದರೆ ಹೌಸಿಂಗ್‌ನ ಹೊರಗೆ ತೋಳಿನ ಮೇಲೆ ಕೂರುವ ಫ್ಲ್ಯಾಶ್‌ಗಳ, ಬ್ಯಾಟರಿ ಗೂಡು ಅದರ ಲೆಕ್ಕಕ್ಕೆ ಬರುವುದಿಲ್ಲ. ದಿನಕ್ಕೆ ಮೂರು ನಾಲ್ಕು ಡೈವ್ ಇರುವ ಬೋಟಿನಲ್ಲಿ ಹೌಸಿಂಗ್ ಒಮ್ಮೆ ತೆರೆದರೆ ಸ್ಟ್ರೋಬ್ ಎರಡು ಸಲ ತೆರೆಯುತ್ತದೆ, ಎರಡು ಸ್ಟ್ರೋಬ್ ಎಂದರೆ ನಾಲ್ಕು ಸಲ. ಕ್ಯಾಮೆರಾಕ್ಕೆ ತೋರಿದ ಭಕ್ತಿಯ ಕಾಲುಭಾಗವೂ ಆ ಪುಟ್ಟ ಓ-ರಿಂಗ್‌ಗೆ ಸಿಗುವುದಿಲ್ಲ. ಮೇಜಿಗೆ ಬರುವ ಒದ್ದೆ ಸಾಮಾನುಗಳಲ್ಲಿ ಸ್ಟ್ರೋಬ್‌ಗಳೇ ಮುಂದು.

ಚಾರ್ಜಿಂಗ್ ಬಗ್ಗೆ ಒಂದೇ ಮಾತು: ಎಲ್ಲರೂ ಮಲಗಿದ ಮೇಲೆ ಯಾವ ಬ್ಯಾಟರಿಯೂ ಪ್ಲಗ್ಗಿನಲ್ಲಿ ಇರಬಾರದು. 2019ರ ಸೆಪ್ಟೆಂಬರ್ 2ರಂದು ಕ್ಯಾಲಿಫೋರ್ನಿಯಾ ತೀರದಲ್ಲಿ ಕನ್ಸೆಪ್ಷನ್ ಎಂಬ ಡೈವ್ ಬೋಟಿಗೆ ನಸುಕಿನಲ್ಲಿ ಬೆಂಕಿ ಹತ್ತಿ 34 ಜನ ತೀರಿಕೊಂಡರು. ಬೆಂಕಿಯ ಮೂಲ ಖಚಿತವಾಗಲಿಲ್ಲ. ರಾತ್ರಿ ಸುತ್ತು ಹಾಕುವ ಕಾವಲು ಇರಲಿಲ್ಲ ಎಂಬುದು ತನಿಖೆಯಲ್ಲಿ ಖಚಿತವಾಯಿತು. ಬೋಟು ಹತ್ತಿದ ದಿನವೇ ಕೇಳಿ: ಚಾರ್ಜಿಂಗ್ ಎಲ್ಲಿ, ರಾತ್ರಿ ಕಾವಲು ಯಾರು, ಎರಡನೆಯ ಹೊರದಾರಿ ಯಾವುದು, ಆಮ್ಲಜನಕದ ಸಿಲಿಂಡರ್ ಎಲ್ಲಿದೆ.

ಇನ್ನು ನೀರಿಗೆ. ದೊಡ್ಡ ಕ್ಯಾಮೆರಾ ಹಿಡಿದು ಹಾರಬೇಡಿ. ಮೊದಲು ನೀವು ಇಳಿಯಿರಿ, ಚಿಕ್ಕ ದೋಣಿಯಲ್ಲಿರುವವರು ಕ್ಯಾಮೆರಾ ಕೈಗೆ ಕೊಡಲಿ, ಸ್ಟ್ರೋಬ್ ತೋಳುಗಳು ಮಡಿಸಿರಲಿ. ಸೆಳೆತ ಇಲ್ಲದಿದ್ದರೆ ಒಂದು ಮೀಟರಿನಲ್ಲಿ ಅರೆಗಳಿಗೆ ನಿಂತು ಹೌಸಿಂಗನ್ನು ಎಲ್ಲ ಕಡೆ ತಿರುಗಿಸಿ, ಗುಳ್ಳೆಗಳ ಸಾಲು ಒಂದೇ ಜಾಗದಿಂದ ಬಿಡದೆ ಬರುತ್ತಿದೆಯೇ ನೋಡಿ. ಸೆಳೆತ ಜೋರಾಗಿರುವ ರಾಜಾ ಅಂಪಟ್‌ನ ಡ್ಯಾಂಪಿಯರ್ ಜಲಸಂಧಿಯಂಥ ಕಡೆ ಇದಕ್ಕೆಲ್ಲ ಪುರುಸೊತ್ತು ಸಿಗುವುದಿಲ್ಲ. ಬೆನ್ನು ಹಾಕಿ ಬಿದ್ದ ಕೂಡಲೇ ಕೆಳಗಿಳಿಯಬೇಕು, ಇಲ್ಲದಿದ್ದರೆ ದಿಬ್ಬವೇ ತಪ್ಪಿಹೋಗುತ್ತದೆ. ಅಂಥ ಡೈವ್‌ಗೆ ಗುಳ್ಳೆ ಪರೀಕ್ಷೆಯನ್ನು ಬೋಟಿನ ತೊಟ್ಟಿಯಲ್ಲೇ ಮುಗಿಸಿಕೊಂಡಿರಬೇಕು.

ಚಿತ್ರ ಕೆಡುವುದಕ್ಕೆ ಮೊದಲ ಕಾರಣ ದೂರ. ಹತ್ತು ಮೀಟರ್ ತಲುಪುವಷ್ಟರಲ್ಲಿ ಬಿಸಿಲಿನ ಕೆಂಪು ಬಹುಪಾಲು ಅಳಿಸಿರುತ್ತದೆ, ಅದನ್ನು ವಾಪಸು ತರುವುದು ಸ್ಟ್ರೋಬ್. ಆದರೆ ಸ್ಟ್ರೋಬಿನ ಬೆಳಕೂ ನೀರಲ್ಲೇ ಹೋಗಿ ನೀರಲ್ಲೇ ಬರಬೇಕು: ಮೀನು ಒಂದು ಮೀಟರ್ ದೂರವಿದ್ದರೆ ಬೆಳಕಿನ ದಾರಿ ಎರಡು ಮೀಟರ್. ಒಂದೂವರೆ ಮೀಟರ್ ದಾಟಿದರೆ ಎಷ್ಟೇ ಪವರ್ ಏರಿಸಿದರೂ ಬಣ್ಣ ಬರುವುದಿಲ್ಲ, ನಡುವಿನ ಕಸ ಮಾತ್ರ ಹೊಳೆಯುತ್ತದೆ. ಆ ಬಿಳಿ ಚುಕ್ಕೆಗಳೇ ಬ್ಯಾಕ್‌ಸ್ಕ್ಯಾಟರ್. ಲೆನ್ಸಿಗೂ ಮೀನಿಗೂ ನಡುವಿನ ನೀರಿಗೆ ಬೆಳಕು ಬೀಳದಂತೆ ನೋಡಿಕೊಳ್ಳುವುದೇ ಮದ್ದು. ವೈಡ್ ಚಿತ್ರಕ್ಕೆ ಸ್ಟ್ರೋಬ್‌ಗಳನ್ನು ಎರಡೂ ಪಕ್ಕಕ್ಕೆ ಅಗಲವಾಗಿ ಚಾಚಿ, ಡೋಮ್‌ನ ಅಂಚಿಗಿಂತ ಹಿಂದಕ್ಕೆ ಎಳೆದು, ಮುಖವನ್ನು ಸ್ವಲ್ಪ ಹೊರಕ್ಕೆ ತಿರುಗಿಸಿ. ಬೆಳಕಿನ ನಟ್ಟನಡುವಲ್ಲ, ಅದರ ಅಂಚು ಮೀನಿಗೆ ತಾಗಬೇಕು. ಅಪರ್ಚರ್ ಎಫ್8ರಿಂದ ಎಫ್11, ಶಟರ್ 1/125 ಸೆಕೆಂಡ್, ಐಎಸ್ಓ 200ರಿಂದ 400: ಇಲ್ಲಿಂದ ಶುರು ಮಾಡಿ, ಹಿನ್ನೆಲೆಯ ನೀಲಿಯನ್ನು ಶಟರ್‌ನಿಂದ, ಮುಂದಿನ ಬಣ್ಣವನ್ನು ಸ್ಟ್ರೋಬ್ ಪವರ್‌ನಿಂದ ತಿದ್ದಿಕೊಳ್ಳಿ.

ಡೋಮ್‌ನ ಒಂದು ಗುಣ ಹೊಸಬರನ್ನು ದಾರಿತಪ್ಪಿಸುತ್ತದೆ. ನೀರಿನಲ್ಲಿ ಡೋಮ್ ಕೂಡ ಒಂದು ಲೆನ್ಸ್. ಬಹುದೂರದ ದೃಶ್ಯವನ್ನೂ ಅದು ತನ್ನ ತ್ರಿಜ್ಯದ ಮೂರು ಪಟ್ಟು ದೂರಕ್ಕೆ ತಂದು ನಿಲ್ಲಿಸುತ್ತದೆ. ಹತ್ತು ಸೆಂಟಿಮೀಟರ್ ತ್ರಿಜ್ಯದ ಡೋಮ್ ಎಂದರೆ ಇಡೀ ಸಾಗರವೂ ಗಾಜಿನಿಂದ 30 ಸೆಂಟಿಮೀಟರಿನೊಳಗೇ ಇದ್ದಂತೆ. ಅಷ್ಟು ಹತ್ತಿರ ಫೋಕಸ್ ಆಗದ ಲೆನ್ಸನ್ನು ನೆಲದ ಮೇಲೆ ಎಷ್ಟು ಹೊಗಳಿದರೂ ಇಲ್ಲಿ ಕೆಲಸಕ್ಕೆ ಬಾರದು.

ಮ್ಯಾಕ್ರೊದಲ್ಲಿ, ಅಂದರೆ ಪುಟ್ಟ ಜೀವಿಗಳನ್ನು ತೀರ ಹತ್ತಿರದಿಂದ ತೆಗೆಯುವಾಗ, ಕಷ್ಟ ಬೇರೆ ತರಹದ್ದು. ಪಿಗ್ಮಿ ಸಮುದ್ರಕುದುರೆ ಬಾರ್ಗಿಬಾಂಟಿಯನ್ನೇ ತೆಗೆದುಕೊಳ್ಳಿ. ಹೆಚ್ಚೆಂದರೆ 2.4 ಸೆಂಟಿಮೀಟರ್ ಉದ್ದ. ಮೈಮೇಲಿನ ಗುಳ್ಳೆಗಳು ತಾನು ಬಾಲ ಸುತ್ತಿಕೊಂಡ ಮ್ಯೂರಿಸೆಲ್ಲಾ ಬೀಸಣಿಗೆ ಹವಳದ ಮೊಗ್ಗುಗಳಂತೆಯೇ ಇವೆ. 1969ರಲ್ಲಿ ನ್ಯೂ ಕ್ಯಾಲಿಡೋನಿಯಾದಲ್ಲಿ ಜಾರ್ಜ್ ಬಾರ್ಗಿಬಾಂಟ್ ಮತ್ಸ್ಯಾಲಯಕ್ಕಾಗಿ ಆ ಹವಳ ತಂದಾಗಲೇ ಈ ಜೀವಿ ಕಣ್ಣಿಗೆ ಬಿದ್ದದ್ದು. ಇದು ಸಿಗುವುದು 16ರಿಂದ 40 ಮೀಟರ್ ಆಳದಲ್ಲಿ. 32 ಶೇಕಡಾ ನೈಟ್ರಾಕ್ಸ್ (ಆಮ್ಲಜನಕ ಹೆಚ್ಚಿಸಿದ ಗಾಳಿ) ತುಂಬಿಸಿಕೊಂಡವರಿಗೆ ಆಮ್ಲಜನಕದ ಒತ್ತಡದ 1.4 ಬಾರ್ ಮಿತಿಯಂತೆ 33 ಮೀಟರ್ ಕೊನೆ. ವ್ಯೂಫೈಂಡರಿನಲ್ಲಿ ಕಣ್ಣಿಟ್ಟವರು ಡೈವ್ ಕಂಪ್ಯೂಟರ್ ನೋಡುವುದಿಲ್ಲ. ಆಳದ ಅಲಾರಂ ಮೊದಲೇ ಹಾಕಿಕೊಳ್ಳಿ. ಗಾಳಿಯ ಲೆಕ್ಕವನ್ನು ಪ್ರತಿ ಹತ್ತು ಫ್ರೇಮಿಗೊಮ್ಮೆ ನೋಡುವುದು ರೂಢಿಯಾಗಲಿ.

ಬೀಸಣಿಗೆ ಹವಳದ ಹತ್ತಿರ ಹೋಗುವಾಗ ಸೆಳೆತಕ್ಕೆ ಮುಖ ಕೊಟ್ಟು, ನೀರು ಹರಿದು ಹೋಗುವ ಬದಿಯಿಂದ ಹೋಗಿ. ಹಿಡಿತ ತಪ್ಪಿದರೂ ಸೆಳೆತ ನಿಮ್ಮನ್ನು ಹವಳದಿಂದ ದೂರ ಒಯ್ಯುತ್ತದೆ. ಎದುರು ಬದಿಯಲ್ಲಿದ್ದರೆ ಹವಳದ ಮೇಲೇ ಎಸೆಯುತ್ತದೆ, ನೂರು ವರ್ಷ ಬಾಳಬಹುದಾದ ಕೊಂಬೆ ಒಂದು ಫಿನ್ ತಾಗಿ ಮುರಿಯುತ್ತದೆ. 1/200 ಸೆಕೆಂಡ್, ಎಫ್16 ಅಥವಾ ಎಫ್22 ಇಟ್ಟು, ಫೋಕಸ್ ಬೀಗ ಹಾಕಿ, ದೇಹವನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ತೂಗುತ್ತಾ ಕಣ್ಣು ಚುರುಕಾಗಿ ಕಂಡ ಗಳಿಗೆಯಲ್ಲಿ ಒತ್ತಿ. ಮೆಲ್ಲಗೆ ಉಸಿರು ಬಿಡುತ್ತಾ ಒತ್ತಿದರೆ ಕೈ ಸ್ಥಿರ. ಉಸಿರು ಕಟ್ಟಿ ಹಿಡಿಯುವುದು ಮಾತ್ರ ಎಂದೂ ಬೇಡ. ಕುದುರೆಗೆ ರೆಪ್ಪೆಯಿಲ್ಲ. ಐದು ಫ್ಲ್ಯಾಶ್ ಆದ ಮೇಲೆ ಜಾಗ ಬಿಡಿ, ಬೆನ್ನು ತಿರುಗಿಸಿ ಕೂತಿದ್ದರೆ ಅದು ತಿರುಗುವವರೆಗೆ ಕಾಯಿರಿ ಅಥವಾ ಹೊರಡಿ. ಕಡ್ಡಿಯಿಂದ ತಿರುಗಿಸುವ ಗೈಡ್‌ಗೆ ಕೈಯಾಡಿಸಿ ಬೇಡ ಎನ್ನಿ. ಹಾಗೆ ತೆಗೆದ ಚಿತ್ರ ಎಷ್ಟು ಚೆಂದವಿದ್ದರೂ ಅದನ್ನು ಯಾರಿಗೂ ತೋರಿಸಬಾರದು ಎಂಬುದು ನಮ್ಮ ಮೇಜಿನ ನಿಲುವು.

ಮೇಲೆ ಬಂದ ಮೇಲೆ ಸಿಹಿನೀರಿನ ತೊಟ್ಟಿ. ಎಂಟು ಕ್ಯಾಮೆರಾ ಒಟ್ಟಿಗೆ ಬಿಟ್ಟು ಊಟಕ್ಕೆ ಹೋದರೆ ಬೋಟು ಓಲಾಡಿದಂತೆಲ್ಲ ಒಂದು ಇನ್ನೊಂದರ ಲ್ಯಾಚಿಗೆ ಗುದ್ದುತ್ತದೆ. ಸೋರಿಕೆ ಅಲ್ಲೇ ಶುರು. ಅದ್ದಿ, ಎಲ್ಲ ಬಟನ್ ಹತ್ತು ಹತ್ತು ಸಲ ಒತ್ತಿ, ಎತ್ತಿಬಿಡಿ. ಅರ್ಧ ಗಂಟೆಯ ನೆನೆಸುವಿಕೆ ದಿನದ ಕೊನೆಗೆ, ಒಂಟಿ ಬಕೆಟ್ಟಿನಲ್ಲಿ. ಡೆಕ್‌ನಲ್ಲಿರುವ ಗಾಳಿ ಪೈಪಿನಿಂದ ಹೌಸಿಂಗ್ ಒಣಗಿಸಬೇಡಿ: ಬಟನ್‌ಗಳ ಓ-ರಿಂಗ್ ನೀರು ಎಲ್ಲ ಕಡೆಯಿಂದ ಸಮನಾಗಿ ಒತ್ತುವುದನ್ನು ತಾಳುತ್ತದೆ, ಒಂದೇ ಕಡೆ ಚುಚ್ಚಿ ಬರುವ ಗಾಳಿಯನ್ನಲ್ಲ; ಅದು ಉಪ್ಪನ್ನು ಒಳಗೆ ತಳ್ಳುತ್ತದೆ.

ಇಷ್ಟಾಗಿಯೂ ನೀರಿನಡಿ ಸೋರಿಕೆಯ ಅಲಾರಂ ಕೂಗಿದರೆ, ಪೋರ್ಟ್ (ಲೆನ್ಸಿನ ಮುಂದಿನ ಗಾಜಿನ ಭಾಗ) ಕೆಳಮುಖವಾಗಿ ಹಿಡಿಯಿರಿ. ನೀರು ಕ್ಯಾಮೆರಾ ಬಾಡಿಯಿಂದ ದೂರ, ಪೋರ್ಟಿನಲ್ಲಿ ನಿಲ್ಲುತ್ತದೆ. ಏರುವುದು ಮಾಮೂಲು ವೇಗದಲ್ಲೇ, ನಿಮಿಷಕ್ಕೆ 9 ಮೀಟರ್ ಮೀರದಂತೆ, 5 ಮೀಟರಿನಲ್ಲಿ ಮೂರು ನಿಮಿಷ ನಿಂತೇ. ಕ್ಯಾಮೆರಾಕ್ಕಾಗಿ ಧಾವಿಸಿ ಮೇಲೆ ಬಂದು ಮೈಗೆ ಪೆಟ್ಟಾದರೆ, ಅದಕ್ಕೆ ಚಿಕಿತ್ಸೆ ಕೊಡುವ ಒತ್ತಡ ಕೊಠಡಿ ಇರುವ ಆಸ್ಪತ್ರೆ ಅಲ್ಲಿಂದ ಬಲು ದೂರವಿರಬಹುದು. ಡೆಕ್‌ನಲ್ಲಿ ಹೊರಗೆಲ್ಲ ಒರೆಸಿ, ವಾಲ್ವ್ ತೆರೆದು ಗಾಳಿ ಒಳಬಿಟ್ಟು, ಪೋರ್ಟ್ ಕೆಳಗಿರುವಂತೆಯೇ ತೆರೆಯಿರಿ. ಮೊದಲು ಬ್ಯಾಟರಿ, ಆಮೇಲೆ ಕಾರ್ಡ್. ಸ್ವಿಚ್ ಮುಟ್ಟಬೇಡಿ. ಕಾರ್ಡನ್ನು ಸಿಹಿನೀರಲ್ಲಿ ತೊಳೆದು ಒಣಗಿಸಿದರೆ ಚಿತ್ರಗಳು ಸಾಮಾನ್ಯವಾಗಿ ಉಳಿಯುತ್ತವೆ. ಉಪ್ಪುನೀರು ಕುಡಿದ ಬ್ಯಾಟರಿ ಕ್ಯಾಬಿನ್ ಒಳಗೆ ಹೋಗಬಾರದು. ತೆರೆದ ಡೆಕ್ ಮೇಲೆ, ಉರಿಯುವ ವಸ್ತುಗಳಿಂದ ದೂರ ಇಡಿ. ಅಕ್ಕಿ ಡಬ್ಬಿಯಲ್ಲಿ ಹೂತಿಡುವುದರಿಂದ ಉಪ್ಪು ಹೋಗುವುದಿಲ್ಲ, ಧೂಳು ಸೇರುತ್ತದೆ ಅಷ್ಟೆ.

ಕೊನೆಯ ಡೈವ್ ಮುಗಿದು ವಿಮಾನ ಹತ್ತಲು ಕನಿಷ್ಠ 18 ಗಂಟೆ ಅಂತರವಿರಲಿ. ಆ ಬಿಡುವು ಕ್ಯಾಮೆರಾ ಒಣಗಿಸಲು ಹೇಳಿ ಮಾಡಿಸಿದ್ದು. ಹೌಸಿಂಗ್‌ನ ಮುಖ್ಯ ಓ-ರಿಂಗ್ ತೆಗೆದು ಚೀಲಕ್ಕೆ ಹಾಕಿ, ವಾಲ್ವ್ ತೆರೆದಿಡಿ. ಮುಚ್ಚಿದ ಹೌಸಿಂಗ್ ವಿಮಾನದ ಕಡಿಮೆ ಒತ್ತಡದಲ್ಲಿ ಒಳಗಿನ ಗಾಳಿ ಕಳೆದುಕೊಂಡರೆ, ನೆಲಕ್ಕಿಳಿದ ಮೇಲೆ ತೆರೆಯಲು ಬಾರದಷ್ಟು ಅಂಟಿಕೊಳ್ಳುತ್ತದೆ. ಬಿಡಿ ಲಿಥಿಯಂ ಬ್ಯಾಟರಿಗಳೆಲ್ಲ ಕೈಚೀಲದಲ್ಲೇ, ತುದಿಗಳಿಗೆ ಟೇಪ್ ಹಾಕಿ. 100 ವ್ಯಾಟ್-ಅವರ್ ಒಳಗಿದ್ದರೆ ತಕರಾರಿಲ್ಲ; 160ರವರೆಗಿನದಕ್ಕೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, ಅದೂ ಎರಡೇ. ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿದರೆ ಲೆಕ್ಕ ಸಿಗುತ್ತದೆ: 14.4 ವೋಲ್ಟ್, 6.8 ಆಂಪಿಯರ್-ಅವರ್‌ನ ವಿಡಿಯೊ ಲೈಟ್ ಬ್ಯಾಟರಿ 97.92. ಅಂಕೆ ಅಳಿಸಿಹೋದ ಬ್ಯಾಟರಿಯನ್ನು ಸಣ್ಣ ವಿಮಾನ ನಿಲ್ದಾಣಗಳಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ, ಹಾಗಾಗಿ ಹೊರಡುವ ಮೊದಲೇ ಅಳಿಸದ ಮಾರ್ಕರಿನಿಂದ ಅದರ ಮೇಲೆ ಬರೆದಿಡಿ.