ಮೊದಲು ಕೋಣೆ, ಆಮೇಲೆ ಮಂಚ

ಮಡಿಕೇರಿ, 20 ಅಕ್ಟೋಬರ್ 2024, ಭಾನುವಾರ

ತುಲಾ ಸಂಕ್ರಮಣ ಕಳೆದು ಮೂರು ದಿನ. ಮಧ್ಯಾಹ್ನದ ಮೇಲೆ ಒಂದೆರಡು ಮಳೆ ಬಂದರೂ ಬೆಳಗ್ಗೆ ಹಾಸಿಗೆ ಒಣಗುವಷ್ಟು ಬಿಸಿಲು ಸಿಗುವ ಕಾಲ. ಮಗುವನ್ನು ಕಟಕಟೆ ತೊಟ್ಟಿಲಿನಿಂದ ಮಂಚಕ್ಕೆ ಬದಲಿಸುವುದಿದ್ದರೆ ಕೊಡಗಿನಲ್ಲಿ ಈಗ ಶುರುಮಾಡುವುದೇ ವಾಸಿ. ಕಕ್ಕಡದಲ್ಲಿ (ಜುಲೈ-ಆಗಸ್ಟಿನ ಜಡಿಮಳೆಯ ಕೊಡವ ತಿಂಗಳು) ಹಾಸಿಗೆ ಥಂಡಿ, ಕರೆಂಟಿಗೆ ಗ್ಯಾರಂಟಿಯಿಲ್ಲ, ನಡುರಾತ್ರಿ ಎದ್ದ ಮಗುವಿಗೆ ಕಣ್ಣಿಗೆ ಕೈ ಇಟ್ಟರೂ ಕಾಣದ ಕತ್ತಲೆ.

ವಯಸ್ಸಿಗಿಂತ ಎತ್ತರ ನೋಡಿ. ತೊಟ್ಟಿಲಿನ ಹಾಸಿಗೆಯನ್ನು ಅತಿ ಕೆಳಗಿನ ಮಟ್ಟಕ್ಕೆ ಇಳಿಸಿದ ಮೇಲೂ ನಿಂತ ಮಗುವಿನ ಎದೆಮಟ್ಟಕ್ಕೆ ಕಟಕಟೆ ಬರುತ್ತಿದ್ದರೆ, ಅಥವಾ ಮಗು 35 ಇಂಚು (89 ಸೆಂ.ಮೀ.) ಮುಟ್ಟಿದ್ದರೆ, ಅದರ ಕೆಲಸ ಮುಗಿಯಿತು. ಬಾಗಿಲ ಚೌಕಟ್ಟಿನಲ್ಲಿ ಪೆನ್ಸಿಲ್ ಗೆರೆ ಎಳೆದಿಡಿ. ಒಂದು ಕಾಲು ಮೇಲಕ್ಕೆ ಹಾಕಲು ಕಲಿತ ಮಗು ಗೆರೆಗಾಗಿ ಕಾಯುವುದಿಲ್ಲ, ಹತ್ತಿಯೇ ಹತ್ತುತ್ತದೆ. ಆ ಕಡೆ ಬೀಳುವಾಗ ತಲೆ ಮುಂದು. ಎರಡನೇ ಮಗು ಬರುತ್ತದೆಂದು ಹೆರಿಗೆಯ ವಾರದಲ್ಲಿ ದೊಡ್ಡದನ್ನು ತೊಟ್ಟಿಲಿನಿಂದ ಎಬ್ಬಿಸುವುದು ಬೇಡ. ಎರಡು ತಿಂಗಳು ಮುಂಚೆ ಮಾಡಿ, ಇಲ್ಲವೇ ಬಾಣಂತನ ಮುಗಿಯಲಿ.

ಮಂಚ 6 ಅಡಿಗೆ 3 ಅಡಿ ಮಾಡಿಸಿದರೆ ಶಾಲೆ ಮುಗಿಯುವವರೆಗೂ ಬಾಳುತ್ತದೆ. ಆಚಾರಿಗೆ ಹೇಳಬೇಕಾದ ಅಳತೆ ಎತ್ತರದ್ದು: ಹಲಗೆಯ ಮಟ್ಟ ನೆಲದಿಂದ 8 ಇಂಚು, ಹಾಸಿಗೆ 4 ಇಂಚು, ಒಟ್ಟು ಒಂದಡಿ. ಅಡಿಗೆ ಪೂರ್ತಿ ಪ್ಲೈವುಡ್ ಹೊಡೆಸಬೇಡಿ. ರೀಪರ್ ಪಟ್ಟಿ ಹಾಕಿ ನಡುನಡುವೆ ಒಂದೂವರೆ ಇಂಚು ಸಂದು ಬಿಡಿಸಿ. ಗಾಳಿಯಾಡದಿದ್ದರೆ ಜುಲೈಯಲ್ಲಿ ಹಾಸಿಗೆ ಮಗುಚಿದಾಗ ಅಡಿಯಲ್ಲಿ ಹಸಿರು ಬೂಷ್ಟು ಕಾಣುತ್ತದೆ. ತೋಟದ ಸಿಲ್ವರ್ ಓಕ್ ಸಾಕು, ಆದರೆ ಚೆನ್ನಾಗಿ ಒಣಗಿರಬೇಕು. ಹಸಿ ಮರ ಬಾಗಿ ಸ್ಕ್ರೂ ಸಡಿಲವಾಗುತ್ತದೆ. ಐನ್‌ಮನೆಯ (ಕೊಡವ ಕುಟುಂಬದ ಮೂಲಮನೆ) ಬೀಟೆ ಮಂಚದಲ್ಲೇ ಮಲಗಲಿ ಎಂದು ಹಿರಿಯರು ಹೇಳಿಯೇ ಹೇಳುತ್ತಾರೆ. ಎರಡಡಿ ಎತ್ತರದ ಆ ಮಂಚ ಇನ್ನೂ ಐದಾರು ವರ್ಷ ಕಾಯಲಿ, ಕಾಲು ಕತ್ತರಿಸುವ ಪಾಪವೂ ಬೇಡ.

ಹೆಚ್ಚು ಜನ ತಪ್ಪುವುದು ಗೋಡೆಯ ಬದಿಯಲ್ಲಿ. ಗೋಡೆಗೆ ಒತ್ತಿದರೆ ಒಂದು ಕಡೆ ಬೀಳುವ ಭಯವಿಲ್ಲ ಎಂಬುದು ಲೆಕ್ಕ. ಆದರೆ ಮಂಚ ದಿನಕ್ಕೊಂದಿಷ್ಟು ಜರುಗುತ್ತದೆ. ನಾಲ್ಕೈದು ಇಂಚು ಸಂದು ಬಿದ್ದರೆ ಮಗುವಿನ ಮೈ ಅದರೊಳಗೆ ಜಾರಿ ತಲೆ ಮೇಲೆ ಸಿಕ್ಕಿಕೊಳ್ಳಬಹುದು, ಉಸಿರು ಕಟ್ಟಬಹುದು. ಹಾಗಾಗಿ ಗೋಡೆಗೆ ಸಂದೇ ಇರಬಾರದು, ಇಲ್ಲವೇ 30 ಸೆಂ.ಮೀ. ಆದರೂ ಇರಬೇಕು. ನಮ್ಮ ಕಡೆ ಮಳೆಗಾಲದಲ್ಲಿ ಗೋಡೆ ಬೆವರುತ್ತದೆ, ತಾಗಿದ ಹಾಸಿಗೆ ಹತ್ತೇ ದಿನಕ್ಕೆ ಮುಗ್ಗಲು. ಹಾಗಾಗಿ ಕೊಡಗಿಗೆ ಎರಡನೆಯದೇ ಸರಿ: ಒಂದಡಿ ಜಾಗ ಬಿಟ್ಟು ಎರಡೂ ಕಡೆ ಚಾಪೆಯ ಮೇಲೆ ಹಳೆಯ ರಜಾಯಿ ಮಡಿಸಿ ಹಾಸಿ. ಒಂದಡಿಯಿಂದ ಅದರ ಮೇಲೆ ಉರುಳಿದರೆ ಬಹಳ ಸಲ ಮಗು ಎಚ್ಚರವೇ ಆಗುವುದಿಲ್ಲ.

ಪಟ್ಟಿಯಿಂದ ಸಿಕ್ಕಿಸುವ ಬೆಡ್ ಗಾರ್ಡ್ ಎರಡು ವರ್ಷದೊಳಗಿನ ಮಕ್ಕಳಿಗೆ ಬೇಡ. ಅದಕ್ಕಿಂತ ದೊಡ್ಡ ಮಕ್ಕಳಿಗೂ ಹಾಕಿದ ಮೇಲೆ ಎರಡೂ ಅಂಗೈಯಿಂದ ಹೊರಕ್ಕೆ ಒತ್ತಿ ನೋಡಿ. ಹಾಸಿಗೆಗೂ ಅದಕ್ಕೂ ನಡುವೆ ಬಾಯಿ ಬಿಟ್ಟರೆ ಅದೂ ಗೋಡೆಯ ಸಂದಿನಷ್ಟೇ ಅಪಾಯ. ಇಷ್ಟು ತಗ್ಗಿನ ಮಂಚಕ್ಕೆ ಅದಕ್ಕಿಂತ ಸುಲಭದ್ದು ಇದೆ: ಎರಡು ದಪ್ಪ ಬೆಡ್‌ಶೀಟನ್ನು ನಾಲ್ಕು ಇಂಚು ದಪ್ಪಕ್ಕೆ ಬಿಗಿಯಾಗಿ ಸುತ್ತಿ, ಅಂಚಿನುದ್ದಕ್ಕೂ ಹಾಸಿಗೆಯ ಮೇಲೆ ಹಾಸಿದ ಬಟ್ಟೆಯ ಅಡಿಗೆ ತೂರಿಸಿ. ಗದ್ದೆಯ ಬದುವಿನ ಹಾಗೆ ನಿಲ್ಲುತ್ತದೆ. ಕಾಲಿನ ಕಡೆ ಒಂದೂವರೆ ಅಡಿ ಬಿಡಿ, ಇಳಿಯಲು ದಾರಿ ಬೇಕು. ಸೊಳ್ಳೆ ಪರದೆಯನ್ನು ಬದು ಎಂದು ನಂಬಬೇಡಿ. ಅಂಚಿನಲ್ಲಿ ಉರುಳಿದ ಮಗು ಪರದೆಗೂ ಹಾಸಿಗೆಗೂ ನಡುವೆ ಜೋತು ಬೀಳುತ್ತದೆ.

ಇನ್ನು ಕೋಣೆ. ಕಟಕಟೆ ಹೋದ ರಾತ್ರಿಯಿಂದ ಮಗುವಿಗೆ ಇಡೀ ಮನೆ ತೆರೆದಿರುತ್ತದೆ. ಮಂಚ ಬರುವ ಮುಂಚೆಯೇ ಬೀರುವನ್ನು ಎಲ್ ಕ್ಲಾಂಪಿನಿಂದ ಗೋಡೆಗೆ ಬಿಗಿಯಿರಿ; ಹಳೆ ಮಣ್ಣಿನ ಗೋಡೆಯಾದರೆ ಪ್ಲಗ್ ಹಿಡಿಯದು, ಮರದ ಚೌಕಟ್ಟು ಹುಡುಕಿ. ಕಿಟಕಿಯ ಬಳಿ ಸ್ಟೂಲು ಬೇಡ, ಪರದೆಯ ದಾರ ಕೈಗೆ ಸಿಗಬಾರದು. ಹೊರಬಾಗಿಲಿನ ಚಿಲಕ ಮಗುವಿಗೆ ಎಟುಕದಷ್ಟು ಮೇಲಿರಲಿ, ಬಚ್ಚಲ ಒಲೆಯ ಕಡೆಯ ಬಾಗಿಲಿಗೂ ಅಷ್ಟೇ. ಬಟ್ಟೆ ಒಣಗಿಸುವ, ಚಳಿ ಕಾಯಿಸುವ ಕೆಂಡದ ಅಗ್ಗಿಷ್ಟಿಕೆ ಮಲಗುವ ಕೋಣೆಗೆ ಬರಲೇಬಾರದು. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಜೀವ ತೆಗೆಯುತ್ತದೆ.

ಮೊದಲ ನಾಲ್ಕು ದಿನ ಮಧ್ಯಾಹ್ನದ ನಿದ್ದೆ ಮಾತ್ರ ಮಂಚದಲ್ಲಿ. ಹೊದಿಕೆ, ಬೊಂಬೆ ತೊಟ್ಟಿಲಿನವೇ ಇರಲಿ, ಒಗೆಯದೆ. ಆ ವಾಸನೆಯೇ ಮಗುವಿಗೆ ಗುರುತು. ರಾತ್ರಿ ಎದ್ದು ಬಂದರೆ ಕೈ ಹಿಡಿದು ಕರೆದುಕೊಂಡು ಹೋಗಿ ಮಲಗಿಸಿ, ಲೈಟ್ ಹಾಕಬೇಡಿ, ಮಾತೂ ಬೇಡ. ಹತ್ತು ಸಲ ಬಂದರೆ ಹತ್ತು ಸಲವೂ ಹಾಗೇ. ಹನ್ನೊಂದನೇ ಸಲ ಅಜ್ಜಿ ಕರೆದು ಪಕ್ಕದಲ್ಲಿ ಮಲಗಿಸಿಕೊಂಡರೆ ನಾಳೆಯೂ ಮಗು ಹನ್ನೊಂದು ಸಲ ಏಳುತ್ತದೆ. ಅಜ್ಜಿಗೆ ಮುಂಚೆಯೇ ಹೇಳಿಡಿ.

ತೊಟ್ಟಿಲನ್ನು ಎರಡು ವಾರ ಬಿಟ್ಟು ಬಿಚ್ಚಿ. ನಟ್ಟು, ಬೋಲ್ಟು, ಅಲೆನ್ ಕೀ ಎಣ್ಣೆ ಸವರಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಚೌಕಟ್ಟಿಗೇ ಕಟ್ಟಿ, ಅಟ್ಟದಲ್ಲಿ ಗೋಡೆಗೆ ತಾಗದಂತೆ ಇಡಿ. ಒಂದು ಬದಿ ಕೆಳಗೆ ಜಾರುವ ಹಳೆಯ ಮಾದರಿಯಾದರೆ ನೆಂಟರಿಗೂ ಕೊಡಬೇಡಿ. ಬದಿ ಕಳಚಿ ಮಕ್ಕಳು ಸಿಕ್ಕಿಕೊಂಡು ಸತ್ತದ್ದರಿಂದ ಅಮೆರಿಕದಲ್ಲಿ 2011ರಿಂದ ಅದರ ಮಾರಾಟವೇ ನಿಂತಿದೆ.