ಪೊಲೀಸ್ ಪ್ರಕರಣ ಬೇರೆ, ನಮ್ಮ ವಿಚಾರಣೆ ಬೇರೆ

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ ಕಾರ್ಮಿಕರ ಮೇಲಿನ ಆಂತರಿಕ ವಿಚಾರಣೆ ನಡೆಸಿಕೊಡುವುದು ನನ್ನ ವಕೀಲಿ ವೃತ್ತಿಯ ಒಂದು ಭಾಗ. ಯಾರ ಮೇಲಾದರೂ ಎಫ್‌ಐಆರ್ ಆದ ಮರುದಿನ ಆಡಳಿತದವರಿಂದ ಬರುವ ಪ್ರಶ್ನೆ ಒಂದೇ: "ವಕೀಲ ಸಾಹೇಬ್ರ, ಇವನ್ನ ಇವತ್ತ ತೆಗಿಲಿಕ್ಕೆ ಬರ್ತದೇನ್ರಿ?" ಕಾನೂನಿನ ಕಲಮುಗಳಿಗಿಂತ ಕ್ರಿಕೆಟ್ಟಿನ ಮಾತು ಅವರಿಗೆ ಬೇಗ ಮನದಟ್ಟಾಗುವುದರಿಂದ, ನಾನು ಉತ್ತರವನ್ನು ಅಲ್ಲಿಂದಲೇ ಶುರುಮಾಡುತ್ತೇನೆ.

ನಮ್ಮೂರಿನ ಹೆಸರು ಹೊತ್ತ ಬೆಳಗಾವಿ ಪ್ಯಾಂಥರ್ಸ್ ತಂಡದ ಮಾಲೀಕರನ್ನು ಕರ್ನಾಟಕ ಪ್ರೀಮಿಯರ್ ಲೀಗಿನ (ಕೆಪಿಎಲ್) ಫಿಕ್ಸಿಂಗ್ ಪ್ರಕರಣದಲ್ಲಿ 2019ರಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಬಂಧಿಸಿದಾಗ, ರಾಜ್ಯ ಕ್ರಿಕೆಟ್ ಸಂಸ್ಥೆ ತಂಡವನ್ನು ಅಮಾನತುಗೊಳಿಸಿತು. 2022ರ ಜನವರಿಯಲ್ಲಿ ಹೈಕೋರ್ಟ್ ಅವರ ಹಾಗೂ ಕೆಲವು ಆಟಗಾರರ ಮೇಲಿನ ಪ್ರಕರಣವನ್ನು ರದ್ದುಪಡಿಸಿತು. ಮ್ಯಾಚ್ ಫಿಕ್ಸಿಂಗ್ ಆಗಿನ ಭಾರತೀಯ ದಂಡ ಸಂಹಿತೆಯ 420ನೇ ಕಲಮಿನ ವಂಚನೆಯಾಗುವುದಿಲ್ಲ, ಆದರೆ ಅದು ಅಶಿಸ್ತು ಎನಿಸಿದರೆ ಬಿಸಿಸಿಐ ತನ್ನ ನಿಯಮದಂತೆ ಕ್ರಮ ಕೈಗೊಳ್ಳಬಹುದು ಎಂಬುದು ಆ ತೀರ್ಪಿನ ಸಾರ. ಐಪಿಎಲ್ ಸ್ಪಾಟ್ ಫಿಕ್ಸಿಂಗ್ ಆರೋಪ ಹೊತ್ತಿದ್ದ ಬೌಲರ್ ಶ್ರೀಶಾಂತ್ ವಿಷಯದಲ್ಲಿಯೂ ಹೀಗೆಯೇ ಆಯಿತು: 2015ರಲ್ಲಿ ದೆಹಲಿಯ ನ್ಯಾಯಾಲಯ ಅವರನ್ನು ಆರೋಪಮುಕ್ತಗೊಳಿಸಿದರೂ ಬಿಸಿಸಿಐ ಆಜೀವ ನಿಷೇಧ ತೆಗೆಯಲಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಶಿಸ್ತುಕ್ರಮದ ಅಧಿಕಾರವನ್ನು ಒಪ್ಪಿಕೊಂಡೇ ಶಿಕ್ಷೆಯ ಪ್ರಮಾಣವನ್ನು ಮರುಪರಿಶೀಲಿಸುವಂತೆ ಹೇಳಿತು, ಆಮೇಲೆ ಅದು ಏಳು ವರ್ಷಕ್ಕೆ ಇಳಿಯಿತು.

ಪೊಲೀಸ್ ಪ್ರಕರಣ ಬಿದ್ದರೂ ಶಿಸ್ತುಕ್ರಮ ಕೈಗೊಳ್ಳಬಹುದು ಎಂದು ಕೇಳಿದ ಆಡಳಿತದವರಿಗೆ ಹುರುಪು ಬರುತ್ತದೆ. ಆಗ ಅಮೆರಿಕನ್ ಫುಟ್‌ಬಾಲ್ ಲೀಗಿನ ಆಟಗಾರ ರೇ ರೈಸ್‌ನ ಪ್ರಕರಣವನ್ನು ಹೇಳಬೇಕಾಗುತ್ತದೆ. ಭಾವಿ ಪತ್ನಿಯನ್ನು ಹೊಡೆದದ್ದಕ್ಕೆ 2014ರ ಜುಲೈಯಲ್ಲಿ ಲೀಗು ಅವನಿಗೆ ಎರಡು ಪಂದ್ಯಗಳ ನಿಷೇಧ ಹಾಕಿತ್ತು. ಸೆಪ್ಟೆಂಬರಿನಲ್ಲಿ ಲಿಫ್ಟಿನೊಳಗಿನ ದೃಶ್ಯ ಹೊರಬಿದ್ದು ಜನ ಸಿಟ್ಟಾದಾಗ ಅದೇ ತಪ್ಪಿಗೆ ಅನಿರ್ದಿಷ್ಟ ನಿಷೇಧ ವಿಧಿಸಿತು. ನಡೆದದ್ದನ್ನು ಅವನು ಲೀಗಿನಿಂದ ಮುಚ್ಚಿಟ್ಟಿರಲಿಲ್ಲವೆಂದು ಕಂಡುಕೊಂಡ ಮಧ್ಯಸ್ಥೆ, ಮಾಜಿ ನ್ಯಾಯಾಧೀಶೆ ಬಾರ್ಬರಾ ಜೋನ್ಸ್, ನವೆಂಬರಿನಲ್ಲಿ ಎರಡನೆಯ ಶಿಕ್ಷೆಯನ್ನು ತೆಗೆದುಹಾಕಿದರು. ಅವನ ಕೃತ್ಯಕ್ಕೆ ಎರಡು ಪಂದ್ಯ ತೀರ ಕಡಿಮೆಯೆಂಬುದು ನನ್ನ ಅಭಿಪ್ರಾಯವೂ ಹೌದು. ಆದರೆ ಗದ್ದಲ ಹೆಚ್ಚಾಯಿತೆಂದು ಶಿಕ್ಷೆ ಹೆಚ್ಚಿಸಿದರೆ ಅದು ನಿಲ್ಲುವುದಿಲ್ಲ.

ಪಾಳಿ ಮುಗಿಸಿ ಹೊರಡುವಾಗ ಸಹೋದ್ಯೋಗಿಯನ್ನು ಗೇಟಿನಲ್ಲಿ ಹೊಡೆದ ಕಾರ್ಮಿಕನೊಬ್ಬನ ಮೇಲಿನ ಆರೋಪಪಟ್ಟಿಯ ಕರಡಿನಲ್ಲಿ "ಪೊಲೀಸರು ಬಂಧಿಸಿದ್ದರಿಂದ ಕಂಪನಿಯ ಮರ್ಯಾದೆ ಹೋಗಿದೆ" ಎಂಬ ಒಂದೇ ಸಾಲಿತ್ತು. ಇಂತಹ ಆರೋಪ ಪೊಲೀಸ್ ಪ್ರಕರಣ ಬಿದ್ದ ದಿನವೇ ತಾನೂ ಬೀಳುತ್ತದೆ. ಅದನ್ನು ತೆಗೆಸಿ ದಿನಾಂಕ, ಪಾಳಿ, ಗೇಟಿನ ರಿಜಿಸ್ಟರಿನಲ್ಲಿದ್ದ ಹೊರಹೋದ ಸಮಯ, ಕಂಡ ಕಾವಲುಗಾರನ ಹೇಳಿಕೆ, ಸ್ಥಾಯಿ ಆದೇಶದಲ್ಲಿ (ಕಾರ್ಖಾನೆಯ ಸೇವಾ ನಿಯಮಗಳಲ್ಲಿ) ಆವರಣದೊಳಗಿನ ಹೊಡೆದಾಟಕ್ಕೆ ಇರುವ ಕಲಮು, ಇಷ್ಟನ್ನು ಬರೆಸಿದೆ. ಬಂಧನದ ಮಾತೇ ಅದರಲ್ಲಿ ಇರಲಿಲ್ಲ.

ವಿಚಾರಣೆ ಮುಗಿಯುವವರೆಗೆ ಅಮಾನತಿನಲ್ಲಿಡಬಹುದು, ಆದರೆ ಅದು ಶಿಕ್ಷೆಯಲ್ಲ. ಅಮೆರಿಕದ ಆ ಲೀಗು ಕೂಡ ಆರೋಪ ಹೊತ್ತ ಆಟಗಾರನನ್ನು ಲೀಗಿನ ಮುಖ್ಯಸ್ಥರಾದ ಕಮಿಷನರರ ವಿನಾಯಿತಿ ಪಟ್ಟಿಗೆ ಸೇರಿಸಿ ಸಂಬಳ ಕೊಟ್ಟುಕೊಂಡೇ ಮೈದಾನದಿಂದ ದೂರವಿಡುತ್ತದೆ. ನಮ್ಮಲ್ಲಿ ಪೂರ್ತಿ ಸಂಬಳವಿಲ್ಲದಿದ್ದರೂ ಜೀವನಾಧಾರ ಭತ್ಯೆ ಕೊಡಲೇಬೇಕು. ಕೋಲಾರದ ಭಾರತ್ ಗೋಲ್ಡ್ ಮೈನ್ಸ್ ಅದನ್ನು ಕೊಡದೆ ನೌಕರನ ಗೈರುಹಾಜರಿಯಲ್ಲಿಯೇ ವಿಚಾರಣೆ ಮುಗಿಸಿತ್ತು. 1999ರಲ್ಲಿ ಸುಪ್ರೀಂ ಕೋರ್ಟ್ ಆ ವಜಾವನ್ನು ಒಪ್ಪಲಿಲ್ಲ. ಹೀಗಾಗಿ ಅಮಾನತು ಆದೇಶಕ್ಕೆ ಸಹಿಯಾಗುವ ಮೊದಲು ಭತ್ಯೆಯ ಸಾಲು ಅದರಲ್ಲಿ ಇದೆಯೇ, ಅದರ ಪ್ರತಿ ಲೆಕ್ಕಪತ್ರ ವಿಭಾಗಕ್ಕೆ ಹೋಗಿದೆಯೇ ಎಂದು ನಾನೇ ನೋಡುತ್ತೇನೆ.