ಕರುಳಿನ ಬ್ಯಾಕ್ಟೀರಿಯಾಗಳಿಂದ ಕ್ಯಾನ್ಸರ್ ಬರುತ್ತದೆಯೇ?

ದೊಡ್ಡ ಕರುಳಿನಲ್ಲಿ ಉರಿಯೂತ, ಹುಣ್ಣು ಉಂಟುಮಾಡುವ ಅಲ್ಸರೇಟಿವ್ ಕೊಲೈಟಿಸ್‌ನಿಂದ ಬಳಲುವವರು, ಅವರ ಮನೆಯವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು. ಎಲ್ಲ ಬ್ಯಾಕ್ಟೀರಿಯಾಗಳನ್ನೂ ದೂರಬೇಕಾಗಿಲ್ಲ. ಆದರೆ ಉರಿಯೂತವಿರುವ ಕರುಳಿನಲ್ಲಿ ಯಾವ ಬ್ಯಾಕ್ಟೀರಿಯಾ ನೆಲೆಸಿದೆ ಎಂಬುದು ಬಹಳ ಮುಖ್ಯ ಎಂದು ನಾನು ಉತ್ತರಿಸುತ್ತೇನೆ. ಹಾಗೆ ಹೇಳಲು ಆಧಾರವಾಗಿರುವುದು ಅಮೆರಿಕದ ಕ್ರಿಶ್ಚಿಯನ್ ಜೋಬಿನ್ ಅವರ ತಂಡ 2012ರಲ್ಲಿ ಪ್ರಕಟಿಸಿದ ಪ್ರಯೋಗ.

ಉರಿಯೂತವನ್ನು ತಣಿಸುವ ಇಂಟರ್‌ಲ್ಯೂಕಿನ್-10 ಎಂಬ ಪ್ರೋಟೀನು ತಯಾರಾಗದ ಇಲಿಗಳನ್ನು ಅವರು ಆರಿಸಿಕೊಂಡರು. ಇಂಥ ಇಲಿಗಳನ್ನು ಯಾವ ಸೂಕ್ಷ್ಮಜೀವಿಯೂ ಸೋಕದಂತೆ ಬೆಳೆಸಿದರೆ ಕರುಳಿಗೆ ಉರಿಯೂತ ಬರುವುದಿಲ್ಲ. ಬ್ಯಾಕ್ಟೀರಿಯಾ ಒಳಹೊಕ್ಕ ಮೇಲೆಯೇ ಬರುತ್ತದೆ. ತಂಡದವರು ಕೆಲವು ಇಲಿಗಳಿಗೆ ಎಂಟರೊಕಾಕಸ್ ಫೀಕಾಲಿಸ್ ಎಂಬ ಬ್ಯಾಕ್ಟೀರಿಯಾ ಒಂದನ್ನೇ, ಇನ್ನು ಕೆಲವಕ್ಕೆ ಇ. ಕೊಲೈ ಎಂಬ ಬ್ಯಾಕ್ಟೀರಿಯಾದ ಒಂದು ತಳಿಯನ್ನಷ್ಟೇ ಕೊಟ್ಟು, ಎರಡೂ ಗುಂಪುಗಳಿಗೆ ಕ್ಯಾನ್ಸರ್‌ಕಾರಕ ರಾಸಾಯನಿಕವೊಂದನ್ನು ಚುಚ್ಚಿದರು. ಉರಿಯೂತ ಎರಡರಲ್ಲೂ ತೀವ್ರವಾಗಿತ್ತು, ಆದರೆ ಗೆಡ್ಡೆಗಳು ಬೆಳೆದು ಕರುಳಿನ ಗೋಡೆಯೊಳಕ್ಕೆ ಇಳಿದದ್ದು ಹೆಚ್ಚಾಗಿ ಇ. ಕೊಲೈ ಇದ್ದವುಗಳಲ್ಲಿ. ಆ ತಳಿಯಲ್ಲಿ ಪಿಕೆಎಸ್ ಎಂಬ ಜೀನ್‌ಗುಚ್ಛವಿದ್ದು, ಅದರಿಂದ ತಯಾರಾಗುವ ಕೊಲಿಬ್ಯಾಕ್ಟಿನ್ ಎಂಬ ವಿಷವು ಕರುಳಿನ ಜೀವಕೋಶಗಳ ಡಿಎನ್‌ಎಯನ್ನು ಕೆಡಿಸುತ್ತದೆ. ಆ ಗುಚ್ಛವನ್ನು ತೆಗೆದುಹಾಕಿದಾಗ ಉರಿಯೂತ ಮೊದಲಿನಷ್ಟೇ ಇದ್ದರೂ ಗೆಡ್ಡೆಗಳು ಕಡಿಮೆಯಾದವು. ಇಡೀ ವಿಷಯದ ತಿರುಳು ಈ ಒಂದು ಫಲಿತಾಂಶದಲ್ಲಿದೆ ಎಂದು ನನಗನ್ನಿಸುತ್ತದೆ.

ಹಾಗೆಂದು ಉರಿಯೂತವನ್ನು ಹಗುರವಾಗಿ ಕಾಣುವಂತಿಲ್ಲ. ಉರಿಯೂತವಾದ ಕರುಳಿನಲ್ಲಿ ನೈಟ್ರೇಟ್ ಹೆಚ್ಚುತ್ತದೆ. ಅದನ್ನು ಆಮ್ಲಜನಕದ ಬದಲಿಗೆ ಉಸಿರಾಟಕ್ಕೆ ಬಳಸಬಲ್ಲ ಇ. ಕೊಲೈ ಉಳಿದವನ್ನು ಹಿಂದಿಕ್ಕಿ ಹಬ್ಬುತ್ತದೆ.

ಕೊಲಿಬ್ಯಾಕ್ಟಿನ್ ಡಿಎನ್‌ಎಯನ್ನು ಕೆಡಿಸುತ್ತದೆ ಎಂಬುದಕ್ಕೆ ಮನುಷ್ಯರಲ್ಲಿಯೂ ಸಾಕ್ಷ್ಯ ದೊರೆತಿದೆ. ನೆದರ್ಲೆಂಡ್ಸ್‌ನ ಹ್ಯಾನ್ಸ್ ಕ್ಲೆವರ್ಸ್ ಮತ್ತು ಸಂಗಡಿಗರು ಪ್ರಯೋಗಾಲಯದಲ್ಲಿ ಬೆಳೆಸಿದ ಮಾನವ ಕರುಳಿನ ಅಂಗಾಂಶವನ್ನು ಐದು ತಿಂಗಳು ಪಿಕೆಎಸ್ ಇರುವ ಇ. ಕೊಲೈಗೆ ಒಡ್ಡಿ, ಡಿಎನ್‌ಎಯಲ್ಲಿ ಅದು ಉಳಿಸುವ ವಿಶಿಷ್ಟ ಗುರುತನ್ನು ಪತ್ತೆ ಮಾಡಿದರು. 2020ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಅದೇ ಗುರುತು ರೋಗಿಗಳ ಗೆಡ್ಡೆಗಳಲ್ಲೂ ಕಂಡಿತು. 2025ರಲ್ಲಿ 11 ದೇಶಗಳ 981 ದೊಡ್ಡ ಕರುಳಿನ ಕ್ಯಾನ್ಸರ್ ಗೆಡ್ಡೆಗಳನ್ನು ಪರಿಶೀಲಿಸಿದಾಗ, 70 ದಾಟಿದವರಿಗಿಂತ 40ರೊಳಗೇ ರೋಗ ಪತ್ತೆಯಾದವರಲ್ಲಿ ಆ ಗುರುತು 3.3 ಪಟ್ಟು ಹೆಚ್ಚಾಗಿತ್ತು. ಚಿಕ್ಕ ವಯಸ್ಸಿನವರಲ್ಲಿ ಈ ಕ್ಯಾನ್ಸರ್ ಹಲವು ದೇಶಗಳಲ್ಲಿ ಏರುತ್ತಿರುವಾಗ ಈ ಸಂಖ್ಯೆ ನನ್ನನ್ನು ಕಾಡುತ್ತದೆ.

ಪಿಕೆಎಸ್ ಇರುವ ಇ. ಕೊಲೈ ಆರೋಗ್ಯವಂತರಲ್ಲೂ ಇರುತ್ತದೆ. 2012ರ ಅಧ್ಯಯನದಲ್ಲಿ ಸುಮಾರು ಐವರಲ್ಲಿ ಒಬ್ಬರಲ್ಲಿ ಸಿಕ್ಕಿತ್ತು, ಕ್ಯಾನ್ಸರ್ ರೋಗಿಗಳಲ್ಲಿ ಮೂವರಲ್ಲಿ ಇಬ್ಬರಲ್ಲಿ. ಆದ್ದರಿಂದ ಅದು ಇದ್ದ ಮಾತ್ರಕ್ಕೆ ಕ್ಯಾನ್ಸರ್ ಬಂದೇ ಬರುತ್ತದೆ ಎನ್ನಲಾಗದು. ಪ್ರೊಬಯಾಟಿಕ್ (ಆರೋಗ್ಯಕ್ಕೆ ಒಳ್ಳೆಯದೆಂದು ಸೇವಿಸುವ ಜೀವಂತ ಸೂಕ್ಷ್ಮಜೀವಿಗಳು) ನುಂಗಿ ಅದನ್ನು ಓಡಿಸೋಣವೆಂದುಕೊಳ್ಳುವವರಿಗೆ ಒಂದು ಮಾತು: ಕೊಲೈಟಿಸ್‌ಗೆ ಪ್ರೊಬಯಾಟಿಕ್ ಆಗಿ ಬಳಕೆಯಲ್ಲಿರುವ ಇ. ಕೊಲೈ ನಿಸ್ಲೆ 1917 ಎಂಬ ತಳಿಯಲ್ಲೂ ಇದೇ ಪಿಕೆಎಸ್ ಗುಚ್ಛವಿದೆ. ಅಂಥದ್ದನ್ನು ವೈದ್ಯರನ್ನು ಕೇಳದೆ ಶುರುಮಾಡಬೇಡಿ. ಕೊಲೈಟಿಸ್ ಶುರುವಾಗಿ ಎಂಟು ವರ್ಷವಾಗುತ್ತಿದ್ದರೆ, ಹೊಟ್ಟೆ ಹಾಯಾಗಿದ್ದರೂ, ಕ್ಯಾನ್ಸರ್ ತಪಾಸಣೆಗಾಗಿ ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳನ್ನು ನೋಡುವ ಪರೀಕ್ಷೆ) ಯಾವಾಗ ಮಾಡಿಸಬೇಕೆಂದು ಅವರನ್ನೇ ಕೇಳಿ.